ಅರ್ಧ ಕಪ್ಪು, ಅರ್ಧ ಬಿಳಿ: ಮನೆಗೆ ಬಂದ ಪೆಂಡೆ ಮುಖವಾಡ

ಪ್ರಶ್ನೆ: ಕಾಂಗೋದ ಕಿನ್ಶಾಸಾದಲ್ಲಿ ಕೆಲಸದಲ್ಲಿದ್ದ ನನ್ನಣ್ಣ ಊರಿಗೆ ಬರುವಾಗ ಒಂದು ಮರದ ಮುಖವಾಡ ತಂದಿದ್ದಾನೆ. ಒಂದು ಗೇಣಿಗಿಂತ ಸ್ವಲ್ಪ ದೊಡ್ಡದು. ಮುಖದ ಒಂದು ಪಕ್ಕ ಕಪ್ಪು, ಇನ್ನೊಂದು ಪಕ್ಕ ಬಿಳಿ. ಮೂಗು, ಬಾಯಿ ಎರಡೂ ಸೊಟ್ಟ. ಅಂಚಿನ ಸುತ್ತ ತೂತುಗಳಿವೆ. ಮಾರಿದವರು ‘ಪೆಂಡೆ ಜನರದ್ದು, ನೂರು ವರ್ಷ ಹಳೆಯದು’ ಅಂದರಂತೆ. ಮಳೆಗಾಲ ಶುರುವಾದ ಮೇಲೆ ಅದರಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆ. ಇದು ಯಾವ ಮುಖವಾಡ? ಹೇಗೆ ಮಾಡುತ್ತಾರೆ? ನಿಜಕ್ಕೂ ಹಳೆಯದೇ? ಮೇಲೊಂದು ಕೋಟು ವಾರ್ನಿಷ್ ಹೊಡೆದರೆ ಪುಡಿ ನಿಲ್ಲುತ್ತದೆಯೇ? – ಓದುಗರೊಬ್ಬರು, ಮಂಗಳೂರು

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರ, ಏಕೆಂದರೆ ಅದು ತುರ್ತಿನದು. ವಾರ್ನಿಷ್ ಖಂಡಿತ ಬೇಡ. ಸೀಮೆಎಣ್ಣೆ, ಗೇರುಬೀಜದ ಎಣ್ಣೆ, ಅಗಸೆ ಎಣ್ಣೆ, ಫರ್ನಿಚರ್ ಪಾಲಿಶ್ ಯಾವುದೂ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ. ಮುಖವಾಡವನ್ನು ಗೋಡೆಯಿಂದ ಇಳಿಸಿ, ತೆಳುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ದಪ್ಪ ಪಾಲಿಥಿನ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿಡಿ. ಉದುರುತ್ತಿರುವುದು ಕುಟ್ಟೆ ಹುಳದ ಪುಡಿ. ಅದು ಮನೆಯ ಉಳಿದ ಮರದ ಸಾಮಾನಿಗೆ ಹರಡದಂತೆ ನೋಡಿಕೊಳ್ಳುವುದು ಈಗಿನ ಕೆಲಸ. ಹುಳವನ್ನು ಕೊಲ್ಲುವ ಕ್ರಮ ಕೊನೆಯಲ್ಲಿದೆ.

ನಿಮ್ಮ ವಿವರಣೆಗೆ ಸರಿಯಾಗಿ ಹೊಂದುವುದು ಮ್ಬಂಗು ಎಂಬ ಮುಖವಾಡ. ಮ್ಬಂಗು ಎಂದರೆ ಮಾಟಕ್ಕೆ ಸಿಕ್ಕಿ ರೋಗ ಬಿದ್ದವನು. ಒಂದು ಕಣ್ಣು ಜೋತುಬಿದ್ದಿರುತ್ತದೆ, ಮೂಗು ಒಂದು ಕಡೆಗೆ ತಿರುಗಿರುತ್ತದೆ, ಬಾಯಿಯ ಒಂದು ತುದಿ ಎಳೆದುಕೊಂಡಿರುತ್ತದೆ. ಲಕ್ವ ಹೊಡೆದ ಮುಖ ನೋಡಿದವರಿಗೆ ಇದು ಕೂಡಲೇ ಗುರುತು ಸಿಗುತ್ತದೆ. ಕೆಲವದರಲ್ಲಿ ಸಿಡುಬಿನ ಕಲೆಯಂತೆ ಚುಕ್ಕಿಗಳೂ ಇರುತ್ತವೆ. ಕಪ್ಪು ಪಕ್ಕವನ್ನು ಮೂರ್ಛೆ ಬಂದು ಬೆಂಕಿಗೆ ಬಿದ್ದವನ ಸುಟ್ಟ ಕಲೆ ಎಂದು ವಿವರಿಸುವುದುಂಟು. ಕುಣಿಯುವವನ ಬೆನ್ನಿಗೆ ಬಟ್ಟೆ ತುಂಬಿದ ಗೂನು ಕಟ್ಟಿ, ಅದಕ್ಕೆ ಒಂದು ಬಾಣ ಚುಚ್ಚಿರುತ್ತಾರೆ. ಮಾಟಗಾರ ಬಿಟ್ಟ, ಕಣ್ಣಿಗೆ ಕಾಣದ ಬಾಣ ಎಲ್ಲರಿಗೂ ಕಾಣುವುದು ಹಾಗೆ. ಅವನು ಕೋಲೂರಿಕೊಂಡು, ಕುಂಟುತ್ತ, ಬಾಗಿ ಕುಣಿಯುತ್ತಾನೆ. ನೋಡುವವರಿಗೆ ನಗು ಬಂದರೂ ರೋಗಿಯನ್ನು ಹಂಗಿಸಬೇಡಿ, ನಾಳೆ ಇದು ನಿಮಗೂ ಬರಬಹುದು ಎಂಬುದೇ ಆ ಕುಣಿತದ ತಿರುಳು.

ಈ ಮುಖವಾಡಕ್ಕೆ ಒಂದು ತಪ್ಪು ಕಥೆಯೂ ಅಂಟಿಕೊಂಡಿದೆ. ಪಿಕಾಸೊ 1907ರಲ್ಲಿ ಬರೆದ ಆವಿನ್ಯೋದ ಹೆಣ್ಣುಗಳ ಚಿತ್ರದಲ್ಲಿ ಒಂದು ಸೊಟ್ಟ ಮುಖವಿದೆ. ಅದು ಮ್ಬಂಗು ನೋಡಿ ಬರೆದದ್ದು ಎಂದು ಮಾರಾಟಗಾರರು ಹೇಳುತ್ತಿರುತ್ತಾರೆ. 1984ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನವೊಂದು ಎರಡನ್ನೂ ಹೋಲಿಸಿ ತೋರಿಸಿತು. ಆದರೆ ಪಿಕಾಸೊ ಆ ಹೊತ್ತಿಗೆ ಇಂಥ ಮುಖವಾಡ ನೋಡಿರಲು ಸಾಧ್ಯವಿಲ್ಲ ಎಂಬುದನ್ನು ಪ್ರದರ್ಶನ ರೂಪಿಸಿದವರೇ ಒಪ್ಪಿದ್ದರು. ಪೆಂಡೆ ಸೀಮೆಯ ವಸ್ತುಗಳನ್ನು ಯುರೋಪಿನವರು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸತೊಡಗಿದ್ದೇ 1907ರ ಆಸುಪಾಸಿನ ವರ್ಷಗಳಲ್ಲಿ. ಆ ಕಥೆ ಹೇಳಿ ಯಾರಾದರೂ ಬೆಲೆ ಏರಿಸಿದರೆ ಒಪ್ಪಬೇಡಿ.

ಪೆಂಡೆ ಜನ ಇರುವುದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ನೈಋತ್ಯ ಭಾಗದಲ್ಲಿ, ಕ್ವಿಲು ಮತ್ತು ಕಸಾಯಿ ನದಿಗಳ ನಡುವಿನ ಸೀಮೆಯಲ್ಲಿ. ಗುಂಗು ಅವರ ಮುಖ್ಯ ಪಟ್ಟಣಗಳಲ್ಲೊಂದು. ನಡುವೆ ಹರಿಯುವ ಲೊವಾಂಗೆ ನದಿಯ ಪಶ್ಚಿಮಕ್ಕೆ ಮಧ್ಯ ಪೆಂಡೆಯವರು, ಪೂರ್ವಕ್ಕೆ, ಟ್ಶಿಕಾಪಾ ಕಡೆ, ಪೂರ್ವ ಪೆಂಡೆಯವರು. ಈ ಎರಡು ಕಡೆಯ ಮುಖವಾಡಗಳು ಎಷ್ಟು ಬೇರೆ ಎಂದರೆ, ಹೊಸಬರಿಗೆ ಎರಡೂ ಒಂದೇ ಜನರವು ಎಂದು ನಂಬುವುದೇ ಕಷ್ಟ.

ನಿಮ್ಮದು ಮಧ್ಯ ಪೆಂಡೆಯ ಬಗೆ. ಆ ಕಡೆ ಮರದ ಮುಖವಾಡಕ್ಕೆ ಮ್ಬುಯಾ ಎನ್ನುತ್ತಾರೆ. ಹೆಸರಾಂತ ಮಾದರಿಯೆಂದರೆ ಕಟುಂಡು ಶೈಲಿಯದು. 20ನೇ ಶತಮಾನದ ಮೊದಲಾರ್ಧದಲ್ಲಿ ಆ ಸೀಮೆಯಲ್ಲಿ ಗಬಾಮಾ ಆ ಗಿಂಗುಂಗು ಎಂಬ ಶಿಲ್ಪಿ ಇದ್ದರು. ಅವರ ಕೈಯ ರೀತಿಯೇ ಮುಂದಿನವರಿಗೆ ದಾರಿಯಾಯಿತು. ಹಣೆ ಉಬ್ಬಿರುತ್ತದೆ. ಎರಡು ಹುಬ್ಬೂ ಕೂಡಿ ಒಂದೇ ಗೆರೆಯಾಗಿ ಮೂಗಿನ ಮೇಲೆ ಇಳಿಯುತ್ತವೆ. ಅರೆಮುಚ್ಚಿದ ದಪ್ಪ ರೆಪ್ಪೆ, ಎದ್ದು ಕಾಣುವ ಕೆನ್ನೆಮೂಳೆ, ಹೊಳ್ಳೆ ಕಾಣುವಂತೆ ಮೇಲೆದ್ದ ಗಿಡ್ಡ ಮೂಗು, ಗಲ್ಲದ ಕಡೆಗೆ ಚೂಪಾಗುವ ಮುಖ. ಗಂಡು ಪಾತ್ರವಾದರೆ ಹಣೆ, ಕೆನ್ನೆಯ ಏಣುಗಳು ಚೂಪು. ಹೆಣ್ಣು ಪಾತ್ರವಾದರೆ ಅವೇ ನುಣುಪಾಗಿ ದುಂಡಗಾಗುತ್ತವೆ, ನೋಟ ಇನ್ನಷ್ಟು ಕೆಳಗಿಳಿಯುತ್ತದೆ. ಬಣ್ಣ ಒಂದೇ ಇದ್ದರೂ ಈ ಏಣುಗಳಿಂದಲೇ ಗಂಡು ಹೆಣ್ಣು ಗುರುತಿಸಬಹುದು.

ಪಾತ್ರಗಳು ಬಹಳ. ಮುಖ್ಯಸ್ಥನ ಪಾತ್ರ ಫುಮು, ಹೆಣ್ಣಿನ ಪಾತ್ರ ಗಂಬಂಡಾ, ಕೋಡಂಗಿ ಟುಂಡು, ಕೊಲೆಗಡುಕ ಪುಂಬು. ಇವುಗಳಲ್ಲಿ ಜನ ಹೆಚ್ಚು ತಪ್ಪಾಗಿ ತೂಗುಹಾಕುವುದು ಗಿವೊಯೊವನ್ನು. ಅದಕ್ಕೆ ಗಲ್ಲದಿಂದ ಹಲಗೆಯಂಥ ಉದ್ದ ಗಡ್ಡವಿದೆ. ಗೋಡೆಯಲ್ಲಿ ಗಡ್ಡ ಕೆಳಗೆ ಇಳಿಬಿಟ್ಟಂತೆ ನೇತುಹಾಕುತ್ತಾರೆ. ಆದರೆ ಕುಣಿಯುವವನು ಅದನ್ನು ಮುಖಕ್ಕೆ ಕಟ್ಟಿಕೊಳ್ಳುವುದಿಲ್ಲ. ಟೋಪಿಯಂತೆ ನೆತ್ತಿಯ ಮೇಲೆ ಇಡುತ್ತಾನೆ. ಮರದ ಮುಖ ಆಕಾಶ ನೋಡುತ್ತದೆ, ಗಡ್ಡ ಮುಂದಕ್ಕೆ ಚಾಚಿರುತ್ತದೆ, ಅವನ ಸ್ವಂತ ಮುಖವನ್ನು ಇಳಿಬಿದ್ದ ನಾರು ಮುಚ್ಚುತ್ತದೆ. ಪಕ್ಕದಿಂದ ನೋಡಿದರೆ ಚಟ್ಟದ ಮೇಲೆ ಮಲಗಿಸಿದ ಶವದ ಆಕಾರ. ಮುಖವಾಡದ ಅರ್ಥವೇ ಆ ಅಡ್ಡ ಮಲಗಿದ ಭಂಗಿಯಲ್ಲಿದೆ. ನೆಟ್ಟಗೆ ತೂಗುಹಾಕಿದರೆ ಅದು ಬರೀ ಗಡ್ಡದ ಮುದುಕನಾಗುತ್ತದೆ.

ಪೂರ್ವದ ಕಡೆ ಸಂಗತಿ ಬೇರೆ. ಅಲ್ಲಿಯ ದೊಡ್ಡ ಮುಖವಾಡಗಳು ಮುಖ್ಯಸ್ಥನ ವಿಧಿಮನೆಯಲ್ಲಿ ಇರುತ್ತವೆ. ಗಿಫೊಗೊ ಇಡೀ ತಲೆಗೆ ಕವುಚಿ ಹಾಕುವ ಗಂಟೆಯಾಕಾರದ್ದು, ಗಡ್ಡ ತಟ್ಟೆಯಂತೆ ಸುತ್ತ ಚಾಚಿರುತ್ತದೆ. ಅದರ ಕುಣಿತ ಊರಿನ ಆರೋಗ್ಯಕ್ಕೆ, ರಕ್ಷಣೆಗೆ ಸಂಬಂಧಿಸಿದ್ದು. ಪಾನ್ಯಾ ನ್ಗೊಂಬೆ ಅಗಲ ಕಿವಿಗಳ ಅಡ್ಡ ಮುಖ, ಮುಖ್ಯಸ್ಥನ ಮನೆಯ ಬಾಗಿಲ ಮೇಲೂ ಅದೇ ಆಕಾರ ಕೆತ್ತುತ್ತಾರೆ. ಪೂರ್ವದ ಪುಂಬು ಕೊಳವೆಯಂತೆ ಮುಂದಕ್ಕೆ ಚಾಚಿದ ಕಣ್ಣು, ತ್ರಿಕೋನದ ಪಟ್ಟೆಗಳಿರುವ ಭಾರಿ ಉರುಳೆ. ಎಲ್ಲ ಮುಖ್ಯಸ್ಥರಿಗೂ ಅದನ್ನಿಟ್ಟುಕೊಳ್ಳುವ ಹಕ್ಕಿಲ್ಲ. ಊರಿಗೆ ಆಪತ್ತು ಬಂದಾಗ, ಮುಖ್ಯಸ್ಥ ಹಾಸಿಗೆ ಹಿಡಿದಾಗ ಅದು ಹೊರಬರುತ್ತದೆ. ಯಾರ ಮೇಲಾದರೂ ಎರಗಬಾರದೆಂದು ಹುಡುಗರು ಅದರ ಸೊಂಟಕ್ಕೆ ಹಗ್ಗ ಕಟ್ಟಿ ಹಿಂದಿನಿಂದ ಜಗ್ಗಿ ಹಿಡಿದಿರುತ್ತಾರೆ. ಇದೇ ಹೆಸರಿನ ಮಧ್ಯ ಪೆಂಡೆ ಮುಖವಾಡಕ್ಕೂ ಇದಕ್ಕೂ ರೂಪದಲ್ಲಿ ಹೋಲಿಕೆಯಿಲ್ಲ. ಹಾಗಾಗಿ ಬರೀ ‘ಪುಂಬು’ ಎಂದು ಬರೆದ ಚೀಟಿ ನೋಡಿ ಏನನ್ನೂ ನಿರ್ಧರಿಸಬೇಡಿ.

ಇಷ್ಟೆಲ್ಲ ಹೇಳಲು ಕಾರಣವಿದೆ. ನಿಮ್ಮ ಕೈಯಲ್ಲಿರುವುದು ಮುಖವಾಡದ ಒಂದು ಭಾಗ ಮಾತ್ರ. ಯಕ್ಷಗಾನದ ಕಿರೀಟವೊಂದನ್ನೇ ಗೋಡೆಗೆ ಹಾಕಿ ಅದನ್ನು ವೇಷ ಎಂದು ಕರೆಯಲಾಗುವುದಿಲ್ಲವಲ್ಲ, ಹಾಗೆ. ಮಧ್ಯ ಪೆಂಡೆಯಲ್ಲಿ ಹೊಸ ಮುಖವಾಡ ಹುಟ್ಟುವುದು ಶಿಲ್ಪಿಯ ಕೈಯಲ್ಲಲ್ಲ, ಕುಣಿಯುವವನ ತಲೆಯಲ್ಲಿ. ಮೊದಲು ಅವನಿಗೊಂದು ಪಾತ್ರ, ಒಂದು ಹೆಜ್ಜೆ ಹೊಳೆಯುತ್ತದೆ. ಡೋಲಿನವರ ಜತೆ ಕೂತು ಅದಕ್ಕೊಂದು ತಾಳ ಹುಡುಕುತ್ತಾನೆ. ಹಾಡು ಕೂಡುತ್ತದೆ, ಉಡುಪು ಕೂಡುತ್ತದೆ. ಅಷ್ಟರವರೆಗೆ ಯಾವುದೋ ಇದ್ದ ಮುಖವನ್ನೇ ಕಟ್ಟಿಕೊಂಡು ಕುಣಿಯುವುದೂ ಇದೆ. ಜನ ಮೆಚ್ಚಿದ ಮೇಲೆಯೇ ಶಿಲ್ಪಿಯ ಹತ್ತಿರ ಹೋಗಿ, ಈ ಹೆಜ್ಜೆಗೆ ತಕ್ಕ ಮುಖ ಕೆತ್ತಿಕೊಡು ಎಂದು ಕೇಳುತ್ತಾರೆ. ನಿಮ್ಮ ಮುಖವಾಡದ ಅಂಚಿನ ತೂತುಗಳು ಆ ಉಳಿದ ಭಾಗದ ಗುರುತು. ರಾಫಿಯಾ ಎಂಬ ತಾಳೆ ಜಾತಿಯ ಮರದ ನಾರಿನಿಂದ ಹೆಣೆದ ಟೋಪಿ, ಕೂದಲಿನ ಕಟ್ಟು, ಕುತ್ತಿಗೆ ಮುಚ್ಚುವ ಕುಚ್ಚು ಇವನ್ನೆಲ್ಲ ಹೊಲಿಯುತ್ತಿದ್ದದ್ದು ಅಲ್ಲಿಗೆ.

ಇನ್ನು ಕೆತ್ತನೆ. ಬೇಕಾದದ್ದು ಹಗುರ, ಮೆದು, ತಿಳಿಬಣ್ಣದ ಮರ. ಗಂಟೆಗಟ್ಟಲೆ ಕುಣಿಯುವವನ ಕುತ್ತಿಗೆಗೆ ಭಾರ ಬೀಳಬಾರದು. ಮರ ಹಸಿಯಿರುವಾಗಲೇ ಕೆತ್ತುತ್ತಾರೆ. ಒಣಗಿದರೆ ಬಾಚಿಯ ಏಟಿಗೆ ನಾರು ಸಿಬಿರೇಳುತ್ತದೆ, ಕೈಗೂ ದಣಿವು. ಮುಖದ ಎತ್ತರ 25ರಿಂದ 30 ಸೆಂಟಿಮೀಟರ್ ಬರುವುದಾದರೆ ಅದಕ್ಕಿಂತ ನಾಲ್ಕು ಬೆರಳು ಉದ್ದದ ತುಂಡು ತೆಗೆದುಕೊಂಡರೆ ಸಾಕು. ತುಂಡಿನ ತಿರುಳು ಮುಖದ ನಡುವೆ ಬರದಂತೆ ಕಡಿಯಬೇಕು. ಮರ ಒಣಗುವಾಗ ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ಹೊರಮುಖವಾಗಿ ಕುಗ್ಗುವುದರ ಸುಮಾರು ಎರಡು ಪಟ್ಟು. ತಿರುಳು ಒಳಗೇ ಉಳಿದರೆ ಈ ಎಳೆತ ತಡೆಯಲಾರದೆ ಹಣೆಯಿಂದ ಗಲ್ಲದವರೆಗೆ ಬಿರುಕು ಬಿಡುತ್ತದೆ. ಹಳೆಯ ಮುಖವಾಡಗಳಲ್ಲಿ ಮೂಗಿನ ಪಕ್ಕದಲ್ಲಿ ಕಾಣುವ ಉದ್ದ ಸೀಳಿಗೆ ಇದೇ ಸಾಮಾನ್ಯ ಕಾರಣ. ಅದನ್ನು ಮಯಣ ತುಂಬಿ ಮುಚ್ಚಬೇಡಿ. ಮಳೆಗಾಲದಲ್ಲಿ ಮರ ಉಬ್ಬಿದಾಗ ತುಂಬಿದ್ದು ಒತ್ತಿ ಸೀಳು ಇನ್ನೂ ಮುಂದೆ ಹೋಗುತ್ತದೆ.

ಕೊಡಲಿಯಿಂದ ತುಂಡು ಮಾಡಿ, ದೊಡ್ಡ ಬಾಚಿಯಲ್ಲಿ ಆಕಾರ ತೆಗೆದು, ಸಣ್ಣ ಬಾಚಿಯಲ್ಲಿ ಹಣೆ, ಮೂಗು, ಕೆನ್ನೆಯ ದಿಬ್ಬಗಳನ್ನು ಬಿಡಿಸುತ್ತಾರೆ. ನಡುಗೆರೆ ಮೊದಲೇ ಖಚಿತವಾಗಬೇಕು. ಮ್ಬಂಗು ಕೆತ್ತುವಾಗಲಂತೂ ಇದು ಇನ್ನೂ ಮುಖ್ಯ, ಏಕೆಂದರೆ ನೆಟ್ಟಗಿನ ಗೆರೆ ಇದ್ದರಷ್ಟೇ ಅದರಿಂದ ಎಷ್ಟು ಸರಿದರೆ ಮುಖ ಸೊಟ್ಟ ಕಾಣುತ್ತದೆ ಎಂಬ ಲೆಕ್ಕ. ಪ್ರವಾಸಿಗರಿಗೆಂದು ಅವಸರದಲ್ಲಿ ಮಾಡಿದ ಮ್ಬಂಗುವಿನಲ್ಲಿ ಮೂಗು ಮಾತ್ರ ಬಗ್ಗಿರುತ್ತದೆ, ಕೆನ್ನೆ ರೆಪ್ಪೆಗಳು ಎರಡೂ ಕಡೆ ಒಂದೇ ಎತ್ತರದಲ್ಲಿರುತ್ತವೆ. ಚೆನ್ನಾದ ಕೆಲಸದಲ್ಲಿ ಇಡೀ ಒಂದು ಪಕ್ಕವೇ ಸೋತು ಇಳಿದಂತಿರುತ್ತದೆ. ಒಳಗನ್ನು ಬಾಚಿಯಿಂದಲೇ ಕೊರೆದು ಒಂದು ಸೆಂಟಿಮೀಟರ್ ಆಸುಪಾಸಿಗೆ ತೆಳು ಮಾಡುತ್ತಾರೆ. ತೆಳುವಾದಷ್ಟೂ ಹಗುರ, ಒಣಗುವುದೂ ಸಮ. ಒಂದು ಕಡೆ ದಪ್ಪ ಉಳಿದರೆ ಆ ಅಂಚಿನಲ್ಲಿ ಬಿರುಕು ಹುಟ್ಟುತ್ತದೆ. ರೆಪ್ಪೆಯ ಕೆಳಗಿನ ಸೀಳನ್ನು ಚೂರಿಯ ತುದಿಯಿಂದ ತೆರೆಯುತ್ತಾರೆ. ಕುಣಿಯುವವನು ನೋಡುವುದು ಆ ಸೀಳಿನಿಂದಲೇ, ಅವನಿಗೆ ಕಾಣುವುದು ಮುಂದಿನ ನೆಲ ಅಷ್ಟೆ.

ನೆರಳಲ್ಲಿ ನಿಧಾನ ಒಣಗಿಸಿ, ಚೂರಿಯಿಂದ ನುಣುಪು ಮಾಡಿ, ಒರಟು ಎಲೆಗಳಿಂದ ಉಜ್ಜುತ್ತಾರೆ. ಅಂಚಿನ ತೂತುಗಳನ್ನು ಕಾಯಿಸಿದ ಕಬ್ಬಿಣದಿಂದ ಸುಟ್ಟು ತೆಗೆಯುವುದುಂಟು. ಸುಟ್ಟ ತೂತಿನ ಅಂಚು ಗಟ್ಟಿಯಾಗಿ, ದಾರ ಎಳೆದಾಗ ಸೀಳುವುದಿಲ್ಲ. ಬಣ್ಣ ಮೂರು. ಟುಕುಲ ಎಂಬ ಕೆಂಪು ಮರದ ಪುಡಿಯನ್ನು ಎಣ್ಣೆ ಅಥವಾ ನೀರಿನಲ್ಲಿ ಕಲಸಿದ ಕೆಂಪು. ಪೆಂಬಾ ಎನ್ನುವ ಬಿಳಿ ಜೇಡಿ, ನಮ್ಮ ಕರಾವಳಿಯ ಸೇಡಿ ಮಣ್ಣಿನ ಜಾತಿಯದೇ. ಇದ್ದಿಲು ಅಥವಾ ಮಸಿಯ ಕಪ್ಪು. ಇವನ್ನು ಮತ್ತೆ ಮತ್ತೆ ಹಚ್ಚುತ್ತಾರೆ. ಪ್ರತಿ ಕುಣಿತಕ್ಕೆ ಮುಂಚೆ ಹೊಸದಾಗಿ ಬಳಿದ ಮುಖವೇ ಅವರಿಗೆ ಚೆಂದ. ಮಾಸಿ ಕಪ್ಪಾದದ್ದೇ ಅಸಲಿ ಎಂಬುದು ಕೊಳ್ಳುವವರು ಹುಟ್ಟಿಸಿಕೊಂಡ ರುಚಿ, ನಕಲಿ ಮಾಡುವವರು ಬದುಕುವುದು ಅದರಿಂದಲೇ. ನಿಮ್ಮ ಮುಖವಾಡದ ಬಿಳಿ ಉಜ್ವಲವಾಗಿದ್ದರೆ ಅದೊಂದು ಕಾರಣಕ್ಕೆ ಅದನ್ನು ಹೊಸದೆಂದು ತಳ್ಳಿಹಾಕಬೇಡಿ.

ಹಾಗಾದರೆ ಹಳೆಯದೇ? ಮುಂಭಾಗ ಬಿಟ್ಟು ಹಿಂಭಾಗ ತಿರುಗಿಸಿ ನೋಡಿ. ಕುಣಿದ ಮುಖವಾಡದ ಒಳಗೆ ಹಣೆ, ಮೂಗಿನ ದಂಡೆ, ಗಲ್ಲ ತಾಗುವ ಜಾಗದಲ್ಲಿ ಮಾತ್ರ ಬೆವರಿನಿಂದ ಕಪ್ಪಾಗಿ ನುಣುಪು ಬಂದಿರುತ್ತದೆ, ಗುಳಿಯ ಆಳದಲ್ಲಿ ಬಾಚಿಯ ಗುರುತು ಹಾಗೇ ಇರುತ್ತದೆ. ಎಲ್ಲ ಕಡೆ ಒಂದೇ ಸಮ ಕಂದಾಗಿದ್ದರೆ ಅದು ಬಳಿದ ಬಣ್ಣ. ಬೂಟ್ ಪಾಲಿಶ್ ವಾಸನೆ, ಪೊಟ್ಯಾಸಿಯಮ್ ಪರ್ಮಾಂಗನೇಟಿನ ನೇರಳೆ ಕಂದು ಮೂಲೆಗಳಲ್ಲಿ ನಿಂತಿದೆಯೇ ನೋಡಿ. ತೂತುಗಳನ್ನು ಭೂತಗನ್ನಡಿಯಲ್ಲಿ ನೋಡಿ. ನಾರು ಕಟ್ಟಿ ಕುಣಿದಿದ್ದರೆ ಪ್ರತಿ ತೂತೂ ದಾರ ಜಗ್ಗಿದ ದಿಕ್ಕಿಗೆ, ಅಂದರೆ ಹೊರ ಅಂಚಿನ ಕಡೆಗೆ, ಸವೆದು ಮೊಟ್ಟೆಯಾಕಾರವಾಗಿರುತ್ತದೆ. ಡ್ರಿಲ್ಲಿನ ತೂತು ದುಂಡಗೆ, ಒಳಗೋಡೆ ನೇರ. ಮುಖವನ್ನು ನಿಮ್ಮ ಮುಖದ ಮುಂದೆ ಹಿಡಿದು ಸೀಳಿನಿಂದ ನೋಡಿ (ಕೈಗವಸು, ಮಾಸ್ಕ್ ಹಾಕಿಕೊಂಡು, ಮುಖಕ್ಕೆ ತಾಗಿಸದೆ. ಹಳೆಯ ಸಂಗ್ರಹಗಳಲ್ಲಿದ್ದ ವಸ್ತುಗಳಿಗೆ ಆರ್ಸೆನಿಕ್, ಡಿಡಿಟಿ ಹಾಕಿರುವ ಸಾಧ್ಯತೆ ಇರುತ್ತದೆ). ಎರಡು ಕಣ್ಣಿಗೂ ಏನೂ ಕಾಣದಿದ್ದರೆ ಅದನ್ನು ಕುಣಿಯಲು ಮಾಡಿಲ್ಲ. ತೂಕ ಒಂದು ಕಿಲೋ ಮೀರಿದರೆ ಅಲಂಕಾರಕ್ಕೆ ಮಾಡಿದ್ದೆಂದು ಅನುಮಾನಿಸಿ.

ಕುಟ್ಟೆ ತೂತು ವಯಸ್ಸಿಗೆ ಸಾಕ್ಷಿಯಲ್ಲ. ಹಸಿ ಮರದ ಹೊರಭಾಗದಲ್ಲಿ ಪಿಷ್ಟ ಹೆಚ್ಚು, ಕೆತ್ತಿ ಒಣಗಿದ ವರ್ಷದೊಳಗೇ ಹುಳ ಬೀಳಬಹುದು. ನಕಲಿ ತೂತನ್ನು ಪತ್ತೆಹಚ್ಚಲು ಒಂದು ತೆಳು ತಂತಿ ಹಾಕಿ ನೋಡಿ. ಹುಳದ ಸುರಂಗ ಸ್ವಲ್ಪದರಲ್ಲೇ ತಿರುಗುತ್ತದೆ, ಡ್ರಿಲ್ಲಿನದು ನೆಟ್ಟಗೆ ಹೋಗಿ ನಿಲ್ಲುತ್ತದೆ.

ನೂರು ವರ್ಷ ಎಂಬ ಮಾತಿಗೆ ಮೇಲಿನ ಯಾವ ಪರೀಕ್ಷೆಯೂ ಪುರಾವೆ ಕೊಡಲಾರದು. ಅದಕ್ಕೆ ಬೇಕಾದದ್ದು ಕಾಗದ: ಯಾರು, ಯಾವ ಊರಿನಲ್ಲಿ, ಯಾವಾಗ ಪಡೆದರು ಎಂಬ ದಾಖಲೆ. ಪೆಂಡೆ ಶಿಲ್ಪಿಗಳು ಹೊರಗಿನವರಿಗೆ ಮಾರಲೆಂದೇ ಮುಖವಾಡ ಕೆತ್ತಲು ಶುರುಮಾಡಿ ದಶಕಗಳೇ ಕಳೆದಿವೆ. ಅದೇ ಶಿಲ್ಪಿ ಕುಣಿತಕ್ಕೂ ಕೆತ್ತುತ್ತಾನೆ, ಮಾರಾಟಕ್ಕೂ ಕೆತ್ತುತ್ತಾನೆ. ಮಾರಲು ಕೆತ್ತಿದ್ದು ಎಂಬ ಮಾತ್ರಕ್ಕೆ ಅದು ನಕಲಿಯಲ್ಲ. ಕೈ ಚೆನ್ನಾಗಿದ್ದರೆ ಅದನ್ನು ಇಂದಿನ ಪೆಂಡೆ ಕೆಲಸವೆಂದೇ ಗೌರವದಿಂದ ಇಟ್ಟುಕೊಳ್ಳಿ. ನಿಜಕ್ಕೂ ಹಳೆಯದಾದರೆ ಇನ್ನೊಂದು ಪ್ರಶ್ನೆ ಏಳುತ್ತದೆ: ಊರಿನಿಂದ ಅದು ಹೇಗೆ ಹೊರಬಿತ್ತು? 1931ರಲ್ಲಿ ತಾಳೆಕಾಯಿ ದುಡಿಮೆಯ ಒತ್ತಾಯದ ವಿರುದ್ಧ ಪೆಂಡೆಯವರು ದಂಗೆ ಎದ್ದಾಗ ಬೆಲ್ಜಿಯಂ ಆಡಳಿತ ನೂರಾರು ಜನರನ್ನು ಕೊಂದಿತು. ಅಂಥ ಕಾಲದಲ್ಲಿ ಕೈಬದಲಾದ ವಸ್ತುವನ್ನು ‘ಕೊಂಡದ್ದು’ ಎನ್ನುವಾಗ ಯೋಚಿಸಬೇಕು. 2022ರ ಜೂನ್‌ನಲ್ಲಿ ಬೆಲ್ಜಿಯಂನ ದೊರೆ ಪೆಂಡೆಯವರ ನೆರೆಯ ಸುಕು ಜನರ ಕಾಕುಂಗು ಮುಖವಾಡವನ್ನು ಕಿನ್ಶಾಸಾದ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಅನಿರ್ದಿಷ್ಟ ಕಾಲದ ಸಾಲವಾಗಿ ಒಪ್ಪಿಸಿದರು. ನಿಮ್ಮಣ್ಣ ಎಲ್ಲಿ, ಯಾರಿಂದ, ಎಷ್ಟಕ್ಕೆ ಕೊಂಡರು ಎಂಬುದನ್ನು ನೆನಪಿರುವಾಗಲೇ ಬರೆದಿಡಿ.

ಜತೆಗೆ ಒಂದು ಎಚ್ಚರಿಕೆ. ಪೆಂಡೆಯವರಲ್ಲಿ ಇಖೊಕೊ ಎಂಬ ಪುಟ್ಟ ಮುಖಗಳಿವೆ, ಕೊರಳಿಗೆ ಹಾಕುವಂಥವು. ಹಲವು ಆನೆದಂತದ್ದು, ಕೆಲವು ನೀರ್ಗುದುರೆಯ ಹಲ್ಲಿನವು. ಚೆಂದವಾಗಿರುತ್ತವೆ, ಜೇಬಿನಲ್ಲಿ ಹಿಡಿಸುತ್ತವೆ. ತರಬೇಡಿ. ಆಫ್ರಿಕಾದ ದಂತದ ವ್ಯಾಪಾರ ಭಾರತದಲ್ಲಿ 1991ರ ತಿದ್ದುಪಡಿಯಿಂದ ನಿಷಿದ್ಧ, ವಿಮಾನ ನಿಲ್ದಾಣದಲ್ಲಿ ‘ಹಳೆಯದು’ ಎಂಬ ಬಾಯಿಮಾತು ನಿಲ್ಲುವುದಿಲ್ಲ.

ಈಗ ಹುಳಕ್ಕೆ ಬರೋಣ. ಒಂದರಿಂದ ಎರಡು ಮಿಲಿಮೀಟರ್ ತೂತು, ಕೈಗೆ ಟಾಲ್ಕಮ್ ಪೌಡರಿನಷ್ಟು ನಯವಾದ ಪುಡಿ ಇದ್ದರೆ ಅದು ಕುಟ್ಟೆ. ತೂತಿನ ಅಂಚು ಚೂಪಾಗಿ, ಒಳಗೆ ಮರದ ಬಣ್ಣ ತಿಳಿಯಾಗಿದ್ದರೆ ಈಗಿನದು. ಕಪ್ಪಾಗಿದ್ದರೆ ಹಳೆಯದು. ಪುಡಿ ಮಾಡುವ ಮರಿಹುಳ ಮರದೊಳಗೆ ತಿಂಗಳುಗಟ್ಟಲೆ ಇರುತ್ತದೆ. ವಾರ್ನಿಷ್ ಅದನ್ನು ಮುಟ್ಟುವುದೇ ಇಲ್ಲ, ದೊಡ್ಡದಾದ ದುಂಬಿ ವಾರ್ನಿಷನ್ನೂ ಕೊರೆದುಕೊಂಡೇ ಹೊರಬರುತ್ತದೆ. ಬಿಳಿ ಜೇಡಿ ವಾರ್ನಿಷ್ ಹೀರಿ ಪಾರಕವಾಗಿ, ಹಳದಿಯಾಗಿ, ಕೆಳಗಿನ ಮರ ಕಾಣತೊಡಗುತ್ತದೆ. ಅರ್ಧ ಬಿಳಿ ಮುಖ ಹಾಗೆ ಶಾಶ್ವತವಾಗಿ ಹಾಳಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಚಿಕಿತ್ಸೆ ಚಳಿ. ಹತ್ತಿ ಬಟ್ಟೆಯಲ್ಲಿ ಸುತ್ತಿದ ಮುಖವಾಡವನ್ನು ಎರಡು ಪಾಲಿಥಿನ್ ಚೀಲದೊಳಗಿಟ್ಟು, ಗಾಳಿಯನ್ನು ಆದಷ್ಟು ಹಿಂಡಿ, ಟೇಪ್ ಹಾಕಿ ಮುಚ್ಚಿ. ಮೈನಸ್ 18 ಡಿಗ್ರಿಗೆ ಇಳಿಯುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಫ್ರಿಜ್ಜಿನ ಮೇಲಿನ ಖಾನೆ ಸಾಲದು, ತಾನಾಗಿ ಕರಗಿಸಿಕೊಳ್ಳುವ ಯಂತ್ರದಲ್ಲಿ ಚಳಿ ಏರಿಳಿಯುತ್ತಿರುತ್ತದೆ, ಹುಳ ಬದುಕಿಕೊಳ್ಳುತ್ತದೆ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಪೂರ್ತಿ 24 ಗಂಟೆ ಕೋಣೆಯಲ್ಲಿಡಿ. ಬೇಗ ಬಿಚ್ಚಿದರೆ ಮಂಗಳೂರಿನ ಗಾಳಿಯ ತೇವವೆಲ್ಲ ತಣ್ಣಗಿನ ಮರದ ಮೇಲೆ ನೀರಾಗಿ ನಿಂತು ಜೇಡಿ, ಮಸಿ ಒಂದಕ್ಕೊಂದು ಹರಿಯುತ್ತವೆ. ಬಣ್ಣ ಈಗಾಗಲೇ ಚಕ್ಕೆ ಏಳುತ್ತಿದ್ದರೆ, ಗಾಜು, ದಂತ ಕೂಡಿಸಿದ್ದರೆ ಇದನ್ನು ಮಾಡಬೇಡಿ. ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯದವರನ್ನು ಕೇಳಿ.

ಆಮೇಲೆ ಮೆತ್ತನೆಯ ಒಣ ಕುಂಚದಿಂದ ಪುಡಿ ತೆಗೆಯಿರಿ, ಬಣ್ಣವಿರುವ ಕಡೆ ಕುಂಚವನ್ನೂ ಎಳೆಯಬೇಡಿ. ಎಲ್ಲ ತೂತುಗಳೂ ಕಾಣುವಂತೆ ಫೋಟೊ ತೆಗೆದಿಡಿ. ಮುಖವಾಡದ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವರ್ಷ ಗಮನಿಸಿ, ಮುಖ್ಯವಾಗಿ ಬೇಸಿಗೆಯ ಕೊನೆಯಿಂದ ಮಳೆಗಾಲದವರೆಗೆ. ಅಲುಗಾಡಿಸಿದಾಗ ಒಂದಿಷ್ಟು ಹಳೆಯ ಪುಡಿ ಬೀಳುವುದು ಸಹಜ. ತಾನಾಗಿ ಒಂದೇ ಜಾಗದಲ್ಲಿ ಗೋಪುರದಂತೆ ಪುಡಿ ಕೂಡುತ್ತಿದ್ದರೆ ಚಿಕಿತ್ಸೆ ಮತ್ತೊಮ್ಮೆ ಬೇಕು.

ತೂಗುಹಾಕುವುದಾದರೆ ಮಳೆ ಹೊಡೆಯುವ ಹೊರಗೋಡೆ ಬೇಡ, ಎ.ಸಿ.ಯ ಎದುರೂ ಬೇಡ. ತೇವ 65 ಶೇಕಡಾ ದಾಟಿದರೆ ಬೂಷ್ಟು ಹಿಡಿಯುತ್ತದೆ, ಥಟ್ಟನೆ ಒಣಗಿದರೆ ಸೀಳುತ್ತದೆ. ಗೋಡೆಗೂ ಮರಕ್ಕೂ ಎರಡು ಮೂರು ಸೆಂಟಿಮೀಟರ್ ಅಂತರವಿರಲಿ. ಅಂಚಿನ ತೂತಿಗೆ ತಂತಿ ಹಾಕಿ ನೇತುಹಾಕಬೇಡಿ. ಅಲ್ಲಿ ಉಳಿದಿರುವ ಸವೆತವನ್ನು, ಒಂದೆರಡು ಎಳೆ ನಾರು ಸಿಕ್ಕಿದ್ದರೆ ಅದನ್ನೂ ಹಾಗೇ ಬಿಡಿ. ಹಣೆ ಮತ್ತು ಗಲ್ಲದ ಹಿಂದೆ ಒಳಗಿನಿಂದ ಆನಿಸುವಂತೆ, ಬಟ್ಟೆ ಸುತ್ತಿದ ಮೂರು ಕೊಕ್ಕೆಯ ಚೌಕಟ್ಟನ್ನು ಯಾವ ಬಡಗಿಯಾದರೂ ಮಾಡಿಕೊಡುತ್ತಾನೆ.